ಅರ್ಧ ಬರೆದ ತೂಕದ ಚೀಟಿ: ಮೊಬೈಲ್ ಆಪ್‌ನಲ್ಲಿ ಮಾಹಿತಿ ಉಳಿಸಿಕೊಂಡ ನನ್ನ ಅನುಭವ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ಕಟಾವು ನಡೆಯುವಾಗ ಒಣದ್ರಾಕ್ಷಿ ಶೆಡ್ಡುಗಳಿಗೆ ಬಿಡುವೆಂಬುದೇ ಇರುವುದಿಲ್ಲ. ತೋಟದಿಂದ ಕ್ರೇಟುಗಳಲ್ಲಿ ಬಂದ ಹಣ್ಣನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಬಲೆ ಬಿಗಿದ ರ‍್ಯಾಕುಗಳ ಮೇಲೆ ಹರಡಿ, ಎರಡು ವಾರಗಳಷ್ಟು ಕಾಲ ಒಣಗಲು ಬಿಡುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುವುದರಿಂದ, ಒಳಗೆ ಬಂದ ಮಾಲಿನ ತೂಕದಲ್ಲಿ ಒಂದು ಅಂಕಿ ತಪ್ಪಿದರೂ ಹದಿನೈದು ದಿನ ಕಳೆದು ಹೊರಗೆ ಹೋಗುವ ಮಾಲಿನ ಲೆಕ್ಕ ತಾಳೆಯಾಗುವುದಿಲ್ಲ. ನನ್ನ ಸೋದರಮಾವನವರ ಶೆಡ್ಡಿನಲ್ಲಿ ಬೇರೆ ಬೆಳೆಗಾರರ ಹಣ್ಣನ್ನೂ ಬಾಡಿಗೆಗೆ ಒಣಗಿಸುವ ರೂಢಿಯಿದ್ದುದರಿಂದ ಈ ತಾಳೆಯ ಪ್ರಶ್ನೆ ಅವರಿಗೆ ಮರ್ಯಾದೆಯ ಪ್ರಶ್ನೆಯೂ ಆಗಿತ್ತು. ಆ ತೂಕದ ಲೆಕ್ಕಕ್ಕಾಗಿಯೇ ನಾನು ಆಂಡ್ರಾಯ್ಡ್‌ನಲ್ಲಿ ಒಂದು ಆಪ್ ಬರೆದೆ. ಅದನ್ನು ಬರೆಯುವಾಗ ಪರದೆಯ ಮೇಲಿನ ಮಾಹಿತಿಯನ್ನು ಎಲ್ಲಿ, ಎಷ್ಟು ಹೊತ್ತು, ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಒಂದೊಂದೇ ತಪ್ಪು ಮಾಡುತ್ತ ಕಲಿತೆ. ಆ ಕಲಿಕೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೆಲಸದ ರೀತಿ ಹೀಗಿದೆ. ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. ಒಂದು ಸಲಕ್ಕೆ ನಾಲ್ಕು ಕ್ರೇಟುಗಳನ್ನು ಕಾಟಾದ ಮೇಲಿಡುತ್ತಾರೆ. ಲೆಕ್ಕ ಬರೆಯುವ ಹುಡುಗ ಆ ತೂಕವನ್ನು ಫೋನಿನಲ್ಲಿ ಒತ್ತುತ್ತಾನೆ. ಒಂದು ಲೋಡಿಗೆ ಇಪ್ಪತ್ತೈದು ಮೂವತ್ತು ಸಲ ಹೀಗೆ ನಡೆದು, ಕೊನೆಗೆ ‘ಉಳಿಸು’ ಗುಂಡಿಯನ್ನು ಒತ್ತಿದರೆ ಒಂದು ಚೀಟಿ ಮುಗಿಯಿತು. ನನ್ನ ಮೊದಲ ಆವೃತ್ತಿಯಲ್ಲಿ ಈ ತೂಕಗಳೆಲ್ಲ ಆಕ್ಟಿವಿಟಿಯ (ಆಪ್‌ನ ಒಂದು ಪರದೆಯನ್ನು ನಡೆಸುವ ಘಟಕ) ಒಳಗಿನ ಒಂದು ಪಟ್ಟಿಯಲ್ಲಿದ್ದವು. ಫೋನನ್ನು ಅಡ್ಡ ತಿರುಗಿಸಿದರೆ ಆಂಡ್ರಾಯ್ಡ್ ಆ ಆಕ್ಟಿವಿಟಿಯನ್ನು ನಾಶಮಾಡಿ ಹೊಸದಾಗಿ ಕಟ್ಟುತ್ತದೆಂದು ನನಗೆ ಓದಿ ಗೊತ್ತಿತ್ತು. ಆದ್ದರಿಂದ ಆಪ್‌ನ ವಿವರಗಳನ್ನು ವ್ಯವಸ್ಥೆಗೆ ತಿಳಿಸುವ ಕಡತವಾದ ಮ್ಯಾನಿಫೆಸ್ಟ್‌ನಲ್ಲಿ ಪರದೆಯನ್ನು ನೇರ ನಿಲುವಿಗೆ ಬಿಗಿದು, ಸಮಸ್ಯೆ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಕೆಲವು ದಿನಗಳ ನಂತರ ಮಾವನವರು ಹುಡುಗನ ಕೈಯಿಂದ ಫೋನು ತೆಗೆದುಕೊಂಡು, ಅಕ್ಷರ ಸಣ್ಣದಾಗಿ ಕಾಣುತ್ತದೆಂದು ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ಹೆಚ್ಚಿಸಿ, ಮತ್ತೆ ಆಪ್‌ಗೆ ಮರಳಿದರು. ಹದಿನೆಂಟು ತೂಕಗಳು ಮಾಯವಾಗಿದ್ದವು. “ಬರದಿದ್ದೆಲ್ಲಾ ಹೋತಲ್ಲೋ ತಮ್ಮಾ, ಕ್ರೇಟ್ ಆಗ್ಲೇ ಡಿಪ್ಪಿಂಗ್‌ಗೆ ಹೋಗ್ಯಾವು” ಎಂದು ಅವರು ಫೋನಿನಲ್ಲಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅಕ್ಷರದ ಗಾತ್ರ, ಭಾಷೆ, ಕಪ್ಪು ಹಿನ್ನೆಲೆ, ಪರದೆಯನ್ನು ಎರಡು ಭಾಗ ಮಾಡುವುದು – ಇವೆಲ್ಲವೂ ಪರದೆ ತಿರುಗಿದಂತೆಯೇ ಆಕ್ಟಿವಿಟಿಯನ್ನು ಮತ್ತೆ ಕಟ್ಟಿಸುತ್ತವೆ. ನಿಲುವನ್ನು ಬಿಗಿಯುವುದರಿಂದ ರೋಗದ ಒಂದು ಲಕ್ಷಣ ಮಾತ್ರ ಮರೆಯಾಗುತ್ತದೆ.

ಆಗ ಪಟ್ಟಿಯನ್ನು ವ್ಯೂಮಾಡೆಲ್‌ಗೆ ಸಾಗಿಸಿದೆ. ಗೂಗಲ್ 2017ರಲ್ಲಿ ಪ್ರಕಟಿಸಿದ ಲೈಬ್ರರಿಗಳ ಗುಂಪಾದ ಆರ್ಕಿಟೆಕ್ಚರ್ ಕಾಂಪೊನೆಂಟ್ಸ್‌ನಲ್ಲಿ ಬಂದ ಈ ಘಟಕವು ಆಕ್ಟಿವಿಟಿ ಮರುಹುಟ್ಟು ಪಡೆದಾಗಲೂ ತಾನು ಹಾಗೆಯೇ ಉಳಿದು, ಹೊಸ ಆಕ್ಟಿವಿಟಿಯ ಕೈಗೆ ಹಳೆಯ ಮಾಹಿತಿಯನ್ನು ಒಪ್ಪಿಸುತ್ತದೆ. ಪರೀಕ್ಷಿಸಲು ನಾನೇ ಅಕ್ಷರದ ಗಾತ್ರ ಬದಲಿಸಿ ನೋಡಿದಾಗ, ಸಾಲುಗಳ ಸಂಖ್ಯೆ ಸರಿಯಾಗಿಯೇ ಇತ್ತು. ಆದರೆ ಎಲ್ಲ ಸಾಲುಗಳಲ್ಲಿಯೂ ಒಂದೇ ತೂಕ, ಕೊನೆಯ ಸಾಲಿನ ತೂಕ, ಕಾಣುತ್ತಿತ್ತು.

ಈ ದೋಷದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಕಂಡ ದೋಷಗಳಲ್ಲಿ ಇದೇ ಅತ್ಯಂತ ಅಪಾಯಕಾರಿ. ಆಂಡ್ರಾಯ್ಡ್‌ನಲ್ಲಿ ಅಕ್ಷರ ತುಂಬುವ ಪೆಟ್ಟಿಗೆಗೆ ಒಂದು ಐಡಿ ಇದ್ದರೆ, ಅದರೊಳಗಿನ ಪಠ್ಯವನ್ನು ವ್ಯವಸ್ಥೆಯೇ ಆ ಐಡಿಯ ಹೆಸರಿನಲ್ಲಿ ಉಳಿಸಿ, ಮರಳಿ ತುಂಬುತ್ತದೆ. ನಾನು ಒಂದೇ ಲೇಔಟ್ (ಪರದೆಯ ವಿನ್ಯಾಸದ) ಕಡತದಿಂದ ಮೂವತ್ತು ಸಾಲುಗಳನ್ನು ತಯಾರಿಸಿದ್ದರಿಂದ ಮೂವತ್ತು ಪೆಟ್ಟಿಗೆಗಳಿಗೂ ಒಂದೇ ಐಡಿ ಇತ್ತು. ಉಳಿಸುವಾಗ ಒಂದರ ಮೇಲೊಂದು ಬರೆದು ಕೊನೆಯದು ಮಾತ್ರ ಉಳಿಯಿತು. ತುಂಬುವಾಗ ಅದೇ ಎಲ್ಲಕ್ಕೂ ಹೋಯಿತು. ನಾನು ಆಕ್ಟಿವಿಟಿ ಹುಟ್ಟುವಾಗ ಓಡುವ ಆನ್‌ಕ್ರಿಯೇಟ್‌ನಲ್ಲಿ ವ್ಯೂಮಾಡೆಲ್‌ನಿಂದ ಸರಿಯಾದ ತೂಕಗಳನ್ನು ತುಂಬಿದ್ದರೂ, ವ್ಯವಸ್ಥೆಯ ಮರುತುಂಬುವಿಕೆ ಅದಾದ ಮೇಲೆ ನಡೆಯುವುದರಿಂದ ನನ್ನ ಅಂಕಿಗಳೆಲ್ಲ ಅಳಿಸಿಹೋದವು. ಪಠ್ಯ ಬದಲಾದೊಡನೆ ಅದನ್ನು ವ್ಯೂಮಾಡೆಲ್‌ಗೆ ಬರೆಯುವ ಕೇಳುಗನನ್ನೂ (ಲಿಸನರ್ ಎಂಬ ಕೋಡ್ ತುಣುಕು) ನಾನೇ ಕೂರಿಸಿದ್ದರಿಂದ ಮೂಲ ಪಟ್ಟಿಯೂ ಕೆಟ್ಟಿತು. ಅಂಕಿ ಕಾಣೆಯಾದರೆ ಹುಡುಗ ಮತ್ತೆ ತೂಗಿಸಬಹುದು. ಕಾಣುವುದಕ್ಕೆ ಸರಿಯೆನಿಸುವ ಸುಳ್ಳು ಅಂಕಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಪೆಟ್ಟಿಗೆಗಳಿಗೆ ಸ್ವಯಂ ಉಳಿಕೆಯನ್ನು ನಿಲ್ಲಿಸಿ, ಅವುಗಳಿಗೆ ಮಾಹಿತಿ ಒಂದೇ ಮೂಲದಿಂದ ಬರುವಂತೆ ಮಾಡಿದೆ. ಪರದೆಗೆ ಇಬ್ಬರು ಯಜಮಾನರು ಇರಬಾರದೆಂಬುದನ್ನು ನಾನು ಆ ದಿನದಿಂದ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೇನೆ.

ಮುಂದಿನ ಪೆಟ್ಟು ಕ್ಯಾಮರಾದಿಂದ ಬಂದಿತು. ಕಾಟಾದ ಅಂಕಿಯ ಫೋಟೊ ಸಾಕ್ಷಿಯಾಗಿ ಇರಲಿ ಎಂದು ಬೆಳೆಗಾರರು ಕೇಳಿದ್ದರಿಂದ, ಫೋನಿನ ಕ್ಯಾಮರಾ ಆಪ್ ತೆರೆದು ಚಿತ್ರ ತೆಗೆಯುವ ಸೌಲಭ್ಯ ಸೇರಿಸಿದೆ. ನನ್ನ ಫೋನಿನಲ್ಲಿ ಎಲ್ಲವೂ ಸರಿಯಿತ್ತು. ಶೆಡ್ಡಿನಲ್ಲಿದ್ದುದು 2 ಜಿಬಿ ರ‍್ಯಾಮ್‌ನ ಹಳೆಯ ಫೋನು. ಕ್ಯಾಮರಾ ತೆರೆದೊಡನೆ ನೆನಪಿನ ಜಾಗ ಸಾಲದೆ, ಹಿನ್ನೆಲೆಗೆ ಸರಿದ ನನ್ನ ಆಪ್‌ನ ಪ್ರಕ್ರಿಯೆಯನ್ನು, ಅಂದರೆ ನೆನಪಿನಲ್ಲಿ ಓಡುತ್ತಿರುವ ಇಡೀ ಆಪ್ ಅನ್ನು, ವ್ಯವಸ್ಥೆ ಕೊಂದುಹಾಕುತ್ತಿತ್ತು. ಫೋಟೊ ತೆಗೆದು ಮರಳಿದರೆ ಅದೇ ಪರದೆ ಬರುತ್ತಿತ್ತು, ಆದರೆ ಪಟ್ಟಿ ಖಾಲಿ. ವ್ಯೂಮಾಡೆಲ್ ಆಕ್ಟಿವಿಟಿಯ ಮರುಹುಟ್ಟನ್ನು ತಾಳುತ್ತದೆ, ಪ್ರಕ್ರಿಯೆಯ ಸಾವನ್ನು ತಾಳುವುದಿಲ್ಲ. ಅದು ಇರುವುದೂ ಅದೇ ಪ್ರಕ್ರಿಯೆಯ ನೆನಪಿನಲ್ಲಿಯೇ. ಇಷ್ಟು ಸರಳವಾದ ಮಾತನ್ನು ನಾನು ಮೊದಲೇ ಯೋಚಿಸಬೇಕಾಗಿತ್ತು.

ಇದಕ್ಕೆ ಆಂಡ್ರಾಯ್ಡ್ ಕೊಡುವ ದಾರಿ ಬಂಡಲ್ ಎಂಬ ಮಾಹಿತಿಯ ಸಣ್ಣ ಗಂಟು. ಪರದೆ ಹಿಂದೆ ಸರಿಯುವಾಗ ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್‌ನಲ್ಲಿ ಅದಕ್ಕೆ ಹಾಕಿದ ವಸ್ತುಗಳನ್ನು ವ್ಯವಸ್ಥೆ ತನ್ನ ಬಳಿ ಕಾಯ್ದಿಟ್ಟು, ಪ್ರಕ್ರಿಯೆ ಸತ್ತು ಹುಟ್ಟಿದರೂ ಮರಳಿ ಕೊಡುತ್ತದೆ. ಉತ್ಸಾಹದಿಂದ ನಾನು ತೂಕಗಳ ಪಟ್ಟಿಯನ್ನೂ ಪ್ರತಿ ಫೋಟೊದ ಸಣ್ಣ ಪ್ರತಿಯ ಬೈಟುಗಳನ್ನೂ ಅದರಲ್ಲಿ ತುಂಬಿದೆ. ಏಳೆಂಟು ಫೋಟೊ ದಾಟಿದ ಚೀಟಿಗಳಲ್ಲಿ ಹೋಮ್ ಗುಂಡಿ ಒತ್ತಿದೊಡನೆ ಆಪ್ ಕುಸಿಯತೊಡಗಿತು. ಬಂಡಲ್ ವ್ಯವಸ್ಥೆಗೆ ತಲುಪುವುದು ಪ್ರಕ್ರಿಯೆಗಳ ನಡುವೆ ಮಾಹಿತಿ ಸಾಗಿಸುವ ಬೈಂಡರ್ ಮೂಲಕ. ಅದರ ಬಫರ್ ಇಡೀ ಪ್ರಕ್ರಿಯೆಗೆ ಸೇರಿ ಸುಮಾರು 1 ಎಂಬಿ ಮಾತ್ರ. ಆಂಡ್ರಾಯ್ಡ್ 7.0ರಿಂದ ಈ ಮಿತಿ ಮೀರಿದರೆ ಆಪ್ ನೇರವಾಗಿ ಕುಸಿಯುತ್ತದೆ. ಕುಸಿತದ ವರದಿಯಲ್ಲಿ ನನ್ನ ಕೋಡ್‌ನ ಒಂದು ಸಾಲೂ ಇರದ ಕಾರಣ ಮೂಲವನ್ನು ಹುಡುಕಲು ನನಗೆ ಮೂರು ರಾತ್ರಿ ಹಿಡಿಯಿತು.

ಇಷ್ಟಾದ ಮೇಲೆ ಒಂದು ದಿನ ಶೆಡ್ಡಿಗೇ ಹೋಗಿ, ಹುಡುಗ ಕೆಲಸ ಮಾಡುವುದನ್ನು ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡಿದೆ. ಆಪ್ ಬರುವ ಮೊದಲಿನ ನೋಟುಬುಕ್ಕು ಅಲ್ಲೇ ಮೊಳೆಗೆ ತೂಗುತ್ತಿತ್ತು. ಅದರಲ್ಲಿ ‘ಉಳಿಸು’ ಎಂಬ ಹಂತವೇ ಇರಲಿಲ್ಲ. ಪೆನ್ನು ಊರಿದ ಕ್ಷಣದಲ್ಲಿಯೇ ಅಂಕಿ ದಾಖಲಾಗಿರುತ್ತಿತ್ತು. ಚಹಾ ಬಂದರೆ ಪುಸ್ತಕ ಮುಚ್ಚಿ, ಮತ್ತೆ ಅದೇ ಸಾಲಿನಿಂದ ಮುಂದುವರಿಸುತ್ತಿದ್ದರು. ನಾನು ಅರ್ಧ ಬರೆದ ಚೀಟಿಯನ್ನು ಪರದೆಯ ಸ್ಥಿತಿ ಎಂದು ತಿಳಿದಿದ್ದೆ. ಅವರಿಗೆ ಅದು ಮೊದಲ ಅಂಕಿಯಿಂದಲೇ ದಾಖಲೆಯಾಗಿತ್ತು. ನನ್ನ ವಿನ್ಯಾಸದ ಬೇರೆಲ್ಲ ತಪ್ಪುಗಳೂ ಈ ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದವು.

ವಿಜಯಪುರಕ್ಕೆ ಮರಳಿ ಆಪ್‌ನ ಒಳಗನ್ನು ಪೂರ್ತಿ ಬದಲಿಸಿದೆ. ಹೊಸ ಚೀಟಿ ತೆರೆದೊಡನೆ ಫೋನಿನಲ್ಲಿಯೇ ಮಾಹಿತಿ ಕಾಯ್ದಿಡುವ ರೂಮ್ ಡೇಟಾಬೇಸ್‌ನಲ್ಲಿ ‘ಕರಡು’ ಎಂಬ ಗುರುತಿನೊಂದಿಗೆ ಒಂದು ಸಾಲು ಹುಟ್ಟುತ್ತದೆ. ಅದರ ಕೀಲಿ, ಅಂದರೆ ಗುರುತಿನ ಸಂಖ್ಯೆ, ಫೋನಿನಲ್ಲಿಯೇ ತಯಾರಾಗುವ, ಮತ್ತೊಂದಕ್ಕೆ ಹೊಂದದ ಯುಯುಐಡಿ. ಪ್ರತಿ ತೂಕ ಒತ್ತಿ ‘ಮುಂದೆ’ ಎಂದಾಗ ಆ ತೂಕ ಕೂಡಲೇ ಡಿಸ್ಕಿಗೆ ಹೋಗುತ್ತದೆ. ಫೋಟೊ ಕಡತವಾಗಿ ಉಳಿಯುತ್ತದೆ. ಡೇಟಾಬೇಸ್‌ನಲ್ಲಿ ಅದರ ಹಾದಿ ಮಾತ್ರ ಇರುತ್ತದೆ. ಪ್ರಕ್ರಿಯೆಯ ಸಾವನ್ನು ದಾಟಬೇಕಾದದ್ದು ಈಗ ಕರಡಿನ ಕೀಲಿ ಮತ್ತು ಯಾವ ಸಾಲನ್ನು ತಿದ್ದುತ್ತಿದ್ದರು ಎಂಬ ಸಂಖ್ಯೆ ಇಷ್ಟೇ ಆದ್ದರಿಂದ, ಅವೆರಡನ್ನೂ ವ್ಯೂಮಾಡೆಲ್‌ಗೆ ಸಿಗುವ, ಬಂಡಲ್ ಮೂಲಕ ಉಳಿಯುವ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿ ಇಟ್ಟೆ. ಪರದೆ ಡೇಟಾಬೇಸ್‌ನ ಫ್ಲೋವನ್ನು (ಬದಲಾದ ಮಾಹಿತಿ ಹರಿದು ಬರುವ ಸರಣಿ) ಗಮನಿಸುತ್ತದೆ, ಬಂದದ್ದನ್ನು ತೋರಿಸುತ್ತದೆ. ‘ಉಳಿಸು’ ಗುಂಡಿಯ ಜಾಗದಲ್ಲಿ ‘ಚೀಟಿ ಮುಗಿಸು’ ಬಂದಿತು; ಅದು ಕರಡಿನ ಗುರುತನ್ನು ಬದಲಿಸುವುದಷ್ಟೇ ಮಾಡುತ್ತದೆ. ಮೊದಲು ಅವಸರದಲ್ಲಿ ಎರಡು ಸಲ ಒತ್ತಿದಾಗ ಒಂದೇ ಲೋಡು ಎರಡು ಚೀಟಿಗಳಾಗುತ್ತಿತ್ತು; ಕೀಲಿ ಮೊದಲೇ ನಿಗದಿಯಾಗಿರುವುದರಿಂದ ಅದೂ ನಿಂತಿತು.

ಕ್ಯಾಮರಾದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಚಿತ್ರ ತೆಗೆದು ಮರಳಿದಾಗ ‘ಟೇಕ್‌ಪಿಕ್ಚರ್’ ಕರಾರು (ಕ್ಯಾಮರಾ ಆಪ್ ಕರೆದು ಉತ್ತರ ಪಡೆಯುವ ಸಿದ್ಧ ವಿಧಾನ) ನಮಗೆ ಯಶಸ್ಸು ಅಥವಾ ವಿಫಲತೆಯನ್ನು ಮಾತ್ರ ತಿಳಿಸುತ್ತದೆ. ಚಿತ್ರ ಎಲ್ಲಿದೆ ಎಂಬುದನ್ನು ನಾವೇ ನೆನಪಿಟ್ಟುಕೊಂಡಿರಬೇಕು. ಕಡತದ ಹಾದಿ ಒಂದು ಸಾಮಾನ್ಯ ಚರದಲ್ಲಿ (ವೇರಿಯಬಲ್) ಇದ್ದರೆ ಪ್ರಕ್ರಿಯೆ ಸತ್ತಾಗ ಅದೂ ಸಾಯುತ್ತದೆ, ಚಿತ್ರ ಅನಾಥವಾಗುತ್ತದೆ. ಆದ್ದರಿಂದ ಕ್ಯಾಮರಾ ತೆರೆಯುವ ಮೊದಲೇ ಹಾದಿಯನ್ನು ಡೇಟಾಬೇಸ್‌ನಲ್ಲಿ ಬರೆದು, ಆಮೇಲೆ ಕ್ಯಾಮರಾವನ್ನು ಕರೆಯುತ್ತೇನೆ. ಉತ್ತರ ಪಡೆಯುವ ನೋಂದಣಿಯನ್ನೂ ಗುಂಡಿ ಒತ್ತಿದಾಗ ಮಾಡದೆ ಆಕ್ಟಿವಿಟಿ ಹುಟ್ಟುವಾಗಲೇ ಮಾಡಿರಬೇಕು; ಇಲ್ಲದಿದ್ದರೆ ಮರುಹುಟ್ಟಿದ ಪರದೆಗೆ ಉತ್ತರ ತಲುಪುವುದಿಲ್ಲ.

ಎಲ್ಲವನ್ನೂ ಡೇಟಾಬೇಸ್ ಮೂಲಕವೇ ಹಾಯಿಸಬೇಕೆಂಬ ಹಟದಲ್ಲಿ ಇನ್ನೊಂದು ತಪ್ಪು ಮಾಡಿದೆ. ಬೆಳೆಗಾರರ ಹೆಸರು ಬರೆಯುವ ಪೆಟ್ಟಿಗೆಯನ್ನು ಪರದೆ ಕಟ್ಟುವ ಹೊಸ ವಿಧಾನವಾದ ಜೆಟ್‌ಪ್ಯಾಕ್ ಕಂಪೋಸ್‌ಗೆ ಬದಲಿಸುವಾಗ, ಒತ್ತಿದ ಪ್ರತಿ ಅಕ್ಷರವೂ ಡೇಟಾಬೇಸ್‌ಗೆ ಹೋಗಿ, ಅಲ್ಲಿಂದ ಫ್ಲೋ ಮೂಲಕ ಮರಳಿ ಪೆಟ್ಟಿಗೆಗೆ ಬರುವಂತೆ ಕಟ್ಟಿದೆ. ಇಂಗ್ಲಿಷಿನಲ್ಲಿ ನಿಧಾನವಾಗಿ ಒತ್ತಿದಾಗ ಏನೂ ಕಾಣಲಿಲ್ಲ. ಕನ್ನಡ ಕೀಲಿಮಣೆಯಲ್ಲಿ ಹುಡುಗ ವೇಗವಾಗಿ ಬರೆದಾಗ ಒತ್ತಕ್ಷರಗಳು ಒಡೆದು, ಕರ್ಸರ್ ಹಿಂದಕ್ಕೆ ಜಿಗಿಯತೊಡಗಿತು. ಕೀಲಿಮಣೆ ಇನ್ನೂ ಜೋಡಿಸುತ್ತಿರುವ ಅಕ್ಷರದ ಮೇಲೆ ತಡವಾಗಿ ಬಂದ ಹಳೆಯ ಪಠ್ಯ ಬಿದ್ದರೆ ಹೀಗಾಗುತ್ತದೆ. ಬರೆಯುತ್ತಿರುವ ಪಠ್ಯ ಪೆಟ್ಟಿಗೆಯ ಪಕ್ಕದ ನೆನಪಿನಲ್ಲಿಯೇ ತಕ್ಷಣ ಬದಲಾಗಬೇಕು. ಡಿಸ್ಕಿಗೆ ಅದರ ನಕಲು ಬೆರಳು ನಿಂತು ಅರ್ಧ ಸೆಕೆಂಡು ಕಳೆದ ಮೇಲೆ ಹೋದರೆ ಸಾಕು, ಪರದೆ ಹಿಂದೆ ಸರಿದರೆ ಮಾತ್ರ ಕಾಯದೆ ಕೂಡಲೇ ಹೋಗಬೇಕು. ಕಂಪೋಸ್‌ನಲ್ಲಿ ‘ರಿಮೆಂಬರ್’ ಇಟ್ಟದ್ದು ಆಕ್ಟಿವಿಟಿಯ ಮರುಹುಟ್ಟಿನಲ್ಲಿ ಹೋಗುತ್ತದೆ, ‘ರಿಮೆಂಬರ್‌ಸೇವಬಲ್’ ಇಟ್ಟದ್ದು ಬಂಡಲ್ ಸೇರಿ ಉಳಿಯುತ್ತದೆ. ಎರಡನೆಯದಕ್ಕೂ ಅದೇ 1 ಎಂಬಿಯ ಮಿತಿ ಇದೆಯೆಂಬುದನ್ನು ಮರೆಯಬಾರದು. ಉದ್ದ ಪಟ್ಟಿಗಳಲ್ಲಿ ಪ್ರತಿ ಸಾಲಿಗೆ ಅದರದೇ ಕೀಲಿಯನ್ನು ಕೊಡಬೇಕು, ಇಲ್ಲದಿದ್ದರೆ ಸ್ಥಿತಿ ಸಾಲಿನ ಸ್ಥಾನಕ್ಕೆ ಅಂಟಿಕೊಂಡು, ಮೇಲೆ ಹೊಸ ಸಾಲು ಸೇರಿದಾಗ ಪಕ್ಕದವರ ಪಾಲಾಗುತ್ತದೆ.

ಪರೀಕ್ಷೆಯ ವಿಧಾನವನ್ನೂ ಬದಲಿಸಿಕೊಂಡೆ. ಡೆವಲಪರ್ ಆಯ್ಕೆಗಳಲ್ಲಿರುವ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಉಪಯುಕ್ತವಾದರೂ, ಅದು ಆಕ್ಟಿವಿಟಿಯನ್ನು ಕೊಲ್ಲುತ್ತದೆ, ಪ್ರಕ್ರಿಯೆಯನ್ನಲ್ಲ. ಇಡೀ ಪ್ರಕ್ರಿಯೆಗೆ ಒಂದೇ ಆಗಿರುವ ವಸ್ತುಗಳಾದ ಸಿಂಗಲ್‌ಟನ್‌ಗಳಲ್ಲಿ ಅಡಗಿದ ಮಾಹಿತಿ ಹಾಗೆಯೇ ಉಳಿದು ನಮ್ಮನ್ನು ನಂಬಿಸುತ್ತದೆ. ಆದ್ದರಿಂದ ಹೋಮ್ ಒತ್ತಿ ಆಪ್ ಹಿಂದೆ ಸರಿದ ಮೇಲೆ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿಯ ‘ಎಎಂ ಕಿಲ್’ ಆಜ್ಞೆಯಿಂದ ಪ್ರಕ್ರಿಯೆಯನ್ನೇ ಕೊಂದು, ಇತ್ತೀಚಿನ ಆಪ್‌ಗಳ ಪಟ್ಟಿಯಿಂದ ಮರಳುತ್ತೇನೆ. ಆ ಪಟ್ಟಿಯಿಂದ ಆಪ್ ಅನ್ನು ಬೆರಳಿನಿಂದ ಸರಿಸಿ ಮುಚ್ಚಿದರೆ ಬಂಡಲ್ ಕೂಡ ಉಳಿಯುವುದಿಲ್ಲವಾದ್ದರಿಂದ, ಅದು ಬೇರೆಯದೇ ಪರೀಕ್ಷೆ. ಡೇಟಾಬೇಸ್‌ನಲ್ಲಿ ಕರಡು ಇರುವುದರ ನಿಜವಾದ ಬೆಲೆ ತಿಳಿಯುವುದು ಅಲ್ಲಿಯೇ.

ಎರಡನೆಯ ಹಂಗಾಮಿಗೆ ಖಾಲಿ ಕ್ರೇಟಿನ ತೂಕವನ್ನು ಕಳೆಯುವ ಕಾಲಮ್ ಸೇರಿಸಬೇಕಾಯಿತು. ಅಭ್ಯಾಸದ ಯೋಜನೆಯೊಂದರಿಂದ ನಕಲು ಮಾಡಿದ ‘ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಶನ್’ (ಹೊಸ ರಚನೆಗೆ ಸಾಗುವ ದಾರಿ ಬರೆದಿರದಿದ್ದರೆ ಹಳೆಯ ಮಾಹಿತಿಯನ್ನು ಅಳಿಸು) ಎಂಬ ಸಾಲು ನನ್ನ ಕೋಡ್‌ನಲ್ಲಿ ಇನ್ನೂ ಇತ್ತು. ಆವೃತ್ತಿ ಸಂಖ್ಯೆ ಏರಿಸಿ ನನ್ನ ಫೋನಿನಲ್ಲಿ ಓಡಿಸಿದಾಗ ಹಿಂದಿನ ವರ್ಷದ ಎಲ್ಲ ಚೀಟಿಗಳೂ ಅಳಿಸಿಹೋದವು. ಶೆಡ್ಡಿನ ಫೋನಿಗೆ ಅದು ಇನ್ನೂ ಹೋಗಿರಲಿಲ್ಲ ಎಂಬುದು ನನ್ನ ಪುಣ್ಯ. ಆ ಸಾಲನ್ನು ತೆಗೆದು, ಒಂದರಿಂದ ಎರಡನೆಯ ಆವೃತ್ತಿಗೆ ಹೋಗುವ ಮೈಗ್ರೇಶನ್ ಅನ್ನು (ಹಳೆಯ ಮಾಹಿತಿಯನ್ನು ಹೊಸ ರಚನೆಗೆ ಸಾಗಿಸುವ ಕೋಡ್) ಕೈಯಿಂದ ಬರೆದೆ. ಪ್ರತಿ ಆವೃತ್ತಿಯ ಸ್ಕೀಮಾ (ಡೇಟಾಬೇಸ್ ರಚನೆಯ) ಕಡತವನ್ನು ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇಡತೊಡಗಿದೆ. ತೂಕವನ್ನು ದಶಮಾಂಶವಾಗಿ ಇಡುವುದನ್ನು ಬಿಟ್ಟು ಗ್ರಾಂಗಳ ಪೂರ್ಣಾಂಕವಾಗಿ ಇಡುವುದನ್ನೂ ಆಗಲೇ ಮಾಡಿದೆ. ಮೊತ್ತದಲ್ಲಿ ಬರುತ್ತಿದ್ದ ಸಣ್ಣ ವ್ಯತ್ಯಾಸಗಳು ನಿಂತವು.

ಬ್ಯಾಕಪ್ ಬಗ್ಗೆ ಒಂದೇ ಮಾತು. ಸಂಜೆ ಡೇಟಾಬೇಸ್ ಕಡತವನ್ನು ನಕಲು ಮಾಡಿಕೊಂಡಾಗ ನನ್ನ ಫೋನಿನಲ್ಲಿ ಕೊನೆಯ ಕೆಲವು ಚೀಟಿಗಳು ನಕಲಿನಲ್ಲಿ ಇರುತ್ತಿರಲಿಲ್ಲ. ರೂಮ್ ಸಾಮಾನ್ಯವಾಗಿ ರೈಟ್-ಅಹೆಡ್ ಲಾಗಿಂಗ್ ಬಳಸುವುದರಿಂದ ಹೊಸ ಬರಹಗಳು ಪಕ್ಕದ ‘ವಾಲ್’ ಕಡತದಲ್ಲಿ ಕಾಯುತ್ತಿರುತ್ತವೆ. ನಕಲಿಗೆ ಮುಂಚೆ ಚೆಕ್‌ಪಾಯಿಂಟ್ ಮಾಡಿ ಅವುಗಳನ್ನು ಮುಖ್ಯ ಕಡತಕ್ಕೆ ಸೇರಿಸಬೇಕು.

ಕಳೆದ ಹಂಗಾಮಿನ ಕೊನೆಗೆ ಶೆಡ್ಡಿನ ಫೋನಿನಲ್ಲಿ ಆರು ಕರಡುಗಳು ಮುಗಿಯದೆ ಉಳಿದಿದ್ದವು. ಹಳೆಯ ಕರಡುಗಳನ್ನು ಒಂದು ವಾರದ ನಂತರ ತಾನಾಗಿಯೇ ಅಳಿಸುವ ಕೋಡ್ ಬರೆದು ಮಾವನವರಿಗೆ ತೋರಿಸಿದೆ. ಅವರು ಆರನ್ನೂ ಒಂದೊಂದಾಗಿ ತೆರೆದು, ಮಳೆ ಬಂದು ಅರ್ಧಕ್ಕೆ ನಿಂತ ಲೋಡು ಯಾವುದು, ಬೆಳೆಗಾರರು ಬೇರೆ ಶೆಡ್ಡಿಗೆ ಒಯ್ದದ್ದು ಯಾವುದು ಎಂದು ಹೇಳಿ, “ಇದನ್ನ ಅಳಸಬ್ಯಾಡೋ, ನಾನು ಹೇಳೂತನಕಾ ಇರ್ಲಿ” ಎಂದರು. ಆ ಕೋಡ್ ತೆಗೆದುಹಾಕಿದ್ದೇನೆ. ಈಗ ಆಪ್ ತೆರೆದರೆ ಮೊದಲ ಪರದೆಯ ಮೇಲ್ಭಾಗದಲ್ಲಿ ಮುಗಿಯದ ಚೀಟಿಗಳು ದಿನಾಂಕ ಮತ್ತು ಬೆಳೆಗಾರರ ಹೆಸರಿನೊಂದಿಗೆ ಕಾಣುತ್ತವೆ. ಅವುಗಳನ್ನು ಮುಗಿಸುವುದು ಅಥವಾ ಹರಿದುಹಾಕುವುದು ಶೆಡ್ಡಿನವರ ಕೈಯಲ್ಲಿದೆ.