ಕಡಲ ಗಾಳಿ, ಹಳೇ ಜಿಐ ಪೈಪು ಮತ್ತು ನಾನು ಕಲಿತ ಪ್ಲಂಬಿಂಗ್

ಅಡುಗೆಮನೆ ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತಿದೆ ಎಂದು ಆ ಮನೆಯವರು ನನ್ನನ್ನು ಕರೆದಿದ್ದರು. ಕಡಲಿಗೆ ಕೂಗಳತೆ ದೂರದ ಹಳೇ ಬಡಾವಣೆ, ಐವತ್ತು ವರ್ಷ ದಾಟಿದ ಮನೆ. ಟ್ಯಾಂಕ್ ತುಂಬಿತ್ತು. ನಲ್ಲಿಯ ತುದಿಯ ಜಾಲರಿ ಬಿಚ್ಚಿದೆ, ಚಿಟಿಕೆಯಷ್ಟು ಕಂದು ಪುಡಿ ಉದುರಿತು. ತೊಳೆದು ಹಾಕಿದೆ, ನೀರು ಜೋರಾಗಿಯೇ ಬಂತು. ಎರಡೇ ದಿನಕ್ಕೆ ಮತ್ತೆ ಫೋನ್.

ಈ ಸಲ ಸಿಂಕ್ ಕೆಳಗಿನ ಎಲ್ಬೋ, ಅಂದರೆ ಪೈಪು ತಿರುಗುವ ಮೂಲೆಯ ತುಂಡು, ಬಿಚ್ಚಿದೆ. ಅರ್ಧ ಇಂಚಿನ ಪೈಪು ಅದು. ಒಳಗೆ ಪೆನ್ಸಿಲ್ ತೂರಿಸಿ ನೋಡಿದರೆ ಹೋಗಲಿಲ್ಲ. ತುಕ್ಕು ಗಂಟುಗಂಟಾಗಿ ಬೆಳೆದು ದಾರಿಯನ್ನೇ ಮುಚ್ಚಿತ್ತು. ಹೊಸ ಎಲ್ಬೋಗೆ ಸೆಣಬು ಸುತ್ತಿ, ರೆಂಚಲ್ಲಿ ಬಿಗಿ ಮಾಡಿ ಬಂದೆ. ಮರುದಿನ ಬೆಳಗ್ಗೆ ಪಕ್ಕದ ಕೋಣೆಯ ಗೋಡೆ ಒದ್ದೆ! ನಾನು ಇಲ್ಲಿ ತಿರುಗಿಸಿದ ಬಲಕ್ಕೆ ಗೋಡೆಯೊಳಗಿನ ಇನ್ನೊಂದು ಜಾಯಿಂಟ್ ಬಿರಿದಿತ್ತು. "ಏನಪ್ಪಾ, ಒಂದು ಸರಿ ಮಾಡಿದ್ರೆ ಇನ್ನೊಂದು ಹೋಗುತ್ತಲ್ಲ?" ಎಂದರು ಆ ಅಮ್ಮ. ಬೈದದ್ದಲ್ಲ, ಕೇಳಿದ್ದಷ್ಟೇ. ಆದರೂ ನಾಟಿತು. ಅಲ್ಲಿಂದ ಹಳೇ ಮನೆಯ ಕೆಲಸಕ್ಕೆ ಹೋದರೆ ನಾನು ಮೊದಲ ದಿನ ರೆಂಚ್ ಮುಟ್ಟುವುದಿಲ್ಲ.

ಜಿಐ ಪೈಪು ಅಂದರೆ ಕಬ್ಬಿಣದ ಪೈಪಿಗೆ ಸತುವಿನ ಲೇಪ. ಆ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದು ಮುಗಿದ ಮೇಲೆ ಕಬ್ಬಿಣದ ಸರದಿ. ಜೋಡಣೆಗೆಂದು ಪೈಪಿನ ತುದಿಯಲ್ಲಿ ಥ್ರೆಡ್ (ತಿರುಪಿನ ಗೆರೆ) ಕೊಯ್ಯುವಾಗ ಲೇಪವೂ ಹೋಗುತ್ತದೆ, ಪೈಪಿನ ದಪ್ಪವೂ ಕಡಿಮೆಯಾಗುತ್ತದೆ. ಅದಕ್ಕೇ ಮೊದಲು ತೂತು ಬೀಳುವುದು ಹೆಚ್ಚಾಗಿ ಜಾಯಿಂಟ್ ಹತ್ತಿರ. ಇಷ್ಟು ಎಲ್ಲ ಊರಿನ ಕಥೆ. ಕಡಲ ಪಕ್ಕ ಉಪ್ಪು ಸೇರಿಕೊಳ್ಳುತ್ತದೆ. ಗಾಳಿಯ ಉಪ್ಪು ಹೊರಗೋಡೆಯ ಪೈಪಿನ ಮೇಲೆ ಕೂತು ತೇವ ಎಳೆದು ಹಿಡಿಯುತ್ತದೆ, ಪೈಪು ಒಣಗುವುದೇ ಇಲ್ಲ. ಹಳೇ ಗಾರೆಯಲ್ಲಿ ಸರಿಯಾಗಿ ತೊಳೆಯದ ಮರಳು ಬಿದ್ದಿದ್ದರೆ ಗೋಡೆಯ ಒಳಗಡೆಯೂ ಉಪ್ಪೇ. ಬಾವಿ ನೀರು ಉಪ್ಪಾಗಿದ್ದರೆ ಪೈಪಿನ ಒಳಮೈಗೂ ಬಿಡುವಿಲ್ಲ. ಮೂರೂ ಸೇರಿದ ಮನೆಯಲ್ಲಿ ಒಂದು ಎಲ್ಬೋ ಬದಲಿಸಿ ಏನು ಪ್ರಯೋಜನ?

ಹಾಗಾಗಿ ಮೊದಲ ದಿನ ನನ್ನ ಕೈಯಲ್ಲಿ ಒಂದು ಬಕೆಟ್ಟು, ಮೊಬೈಲಿನ ಗಡಿಯಾರ, ಪುಸ್ತಕ. ಮನೆಯ ಎಲ್ಲ ನಲ್ಲಿ ಮುಚ್ಚಿಸಿ, ಮೀಟರ್ ನೋಡಿ ಬರೆದುಕೊಳ್ಳುತ್ತೇನೆ. ಒಂದು ಗಂಟೆ ಯಾರೂ ನೀರು ಮುಟ್ಟಬಾರದು. ಟ್ಯಾಂಕಿಗೆ ನೀರು ತುಂಬುತ್ತಿರಬಾರದು, ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ತೇಲುಚೆಂಡಿನ ಫ್ಲೋಟ್ ವಾಲ್ವ್ ಮುಚ್ಚಿರಬೇಕು. ಇಲ್ಲದಿದ್ದರೆ ಸುಮ್ನೆ ದಾರಿ ತಪ್ಪುತ್ತೇವೆ. ಮೀಟರ್ ಓಡಿದ್ದರೆ ಸೋರಿಕೆ ಟ್ಯಾಂಕಿಗೆ ಹೋಗುವ ಲೈನ್‌ನಲ್ಲಿ. ಟ್ಯಾಂಕಿನಿಂದ ಇಳಿಯುವ ಲೈನ್ ನೋಡಲು ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡುತ್ತೇನೆ.

ಆಮೇಲೆ ಬಕೆಟ್. ಪ್ರತಿ ನಲ್ಲಿಯ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಬೇಕು ಅಂತ ಬರೆಯುವುದು. ಆ ಅಮ್ಮನ ಮನೆಯಲ್ಲಿ ಹಿತ್ತಲ ನಲ್ಲಿಗೆ 50 ಸೆಕೆಂಡ್, ಅಡುಗೆಮನೆಗೆ ನಾಲ್ಕು ನಿಮಿಷದ ಮೇಲೆ. ಎರಡೂ ಒಂದೇ ಟ್ಯಾಂಕಿನ ನೀರು. ನಡುವೆ ಎಲ್ಲಿ ಕಟ್ಟಿದೆ ಎಂದು ಹುಡುಕಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ನೀರಿನ ಬಣ್ಣವೂ ಹೇಳುತ್ತದೆ. ಬೆಳಗಿನ ಮೊದಲ ಒಂದೆರಡು ನಿಮಿಷ ಮಾತ್ರ ಕೆಂಪಗಿದ್ದು ಆಮೇಲೆ ತಿಳಿಯಾದರೆ ತುಕ್ಕು ಪೈಪಿನದು. ಇಡೀ ದಿನ ಹಾಗೇ ಇದ್ದರೆ ಟ್ಯಾಂಕ್ ಅಥವಾ ನೀರಿನ ಮೂಲ ನೋಡಬೇಕು. ಬಿಸಿನೀರು ಮಾತ್ರ ಕೆಂಪಗಿದ್ದರೆ ಗೀಸರ್ ಬಿಚ್ಚಿಸಿ. ಒಳಗೊಂದು ಮೆಗ್ನೀಸಿಯಂ ಸರಳು ಇರುತ್ತದೆ, ಗೀಸರಿನ ತೊಟ್ಟಿಗೆ ಬದಲಾಗಿ ತಾನು ಕರಗಲೆಂದೇ ಇಟ್ಟದ್ದು. ಉಪ್ಪುನೀರಿನಲ್ಲಿ ಅದು ಬೇಗ ಮುಗಿಯುತ್ತದೆ. ಅದನ್ನು ಬದಲಿಸಬೇಕು ಅನ್ನುವುದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಇಲ್ಲೇ ಒಂದು ಮಾತು. ನೀರು ಸಣ್ಣಗೆ ಬಂದರೆ "ಪ್ರೆಶರ್ ಪಂಪ್ ಹಾಕಿಸಿ" ಅನ್ನುವವರು ಬಹಳ ಜನ. ನಲ್ಲಿ ಮುಚ್ಚಿಟ್ಟಾಗ ಇರುವ ಒತ್ತಡ ಟ್ಯಾಂಕಿನ ಎತ್ತರದಿಂದ ಬರುವಂಥದ್ದು. 10 ಮೀಟರ್ ಎತ್ತರಕ್ಕೆ ಹತ್ತಿರಹತ್ತಿರ 1 ಬಾರ್. ಟ್ಯಾಂಕ್ 6 ಮೀಟರ್ ಮೇಲಿದ್ದರೆ ಒತ್ತಡ ಅಳೆಯುವ ಗೇಜ್ 0.6 ಬಾರ್ ತೋರಿಸುತ್ತದೆ, ಪೈಪು ಮುಕ್ಕಾಲು ಕಟ್ಟಿದ್ದರೂ ಅಷ್ಟೇ ತೋರಿಸುತ್ತದೆ! ಪಕ್ಕದ ನಲ್ಲಿ ತೆರೆದ ಕೂಡಲೇ ಮುಳ್ಳು ಕೆಳಗೆ ಬಿದ್ದರೆ ಕೊರತೆ ಇರುವುದು ಒತ್ತಡದ್ದಲ್ಲ, ದಾರಿಯದ್ದು. ಅಂಥ ಪೈಪಿಗೆ ಪಂಪ್ ಜೋಡಿಸಿದರೆ ತೆಳುವಾದ ಜಾಗಗಳು ಒಂದೊಂದಾಗಿ ಒಡೆಯುತ್ತವೆ. ನಾನು ಅಂಥ ಪಂಪು ಕಿತ್ತು ತೆಗೆದದ್ದೇ ಜಾಸ್ತಿ.

ಚಕ್ರ ತಿರುಗಿಸಿದರೆ ಒಳಗೆ ಹಲಗೆ ಇಳಿದು ನೀರು ನಿಲ್ಲಿಸುವ ಹಳೇ ಗೇಟ್ ವಾಲ್ವ್ ಬಗ್ಗೆ ನನಗೆ ಈಗಲೂ ಭಯ. ಒಮ್ಮೆ ಮೇನ್ ವಾಲ್ವ್ ಮುಚ್ಚಲು ಹೋದೆ, ಚಕ್ರ ಸಲೀಸಾಗಿ ತಿರುಗುತ್ತಲೇ ಇತ್ತು. ಒಳಗಿನ ಹಲಗೆ ಕಳಚಿ ಕೆಳಗೆ ಕೂತುಬಿಟ್ಟಿತ್ತು. ಮುಚ್ಚಿದ್ದೇನೋ ಹೌದು, ಮತ್ತೆ ತೆರೆಯಲು ಆಗಲಿಲ್ಲ. ಸಂಜೆ ಏಳು ಗಂಟೆ, ಮನೆ ತುಂಬ ಜನ, ಒಂದು ಹನಿ ನೀರಿಲ್ಲ. ಈಗ ಅದರ ಹಿಂದೆ ನೀರು ನಿಲ್ಲಿಸುವ ಇನ್ನೊಂದು ದಾರಿ ಇದೆಯೇ ಎಂದು ನೋಡಿಕೊಂಡು, ಬದಲಿಗೆ ಹಾಕಲು ಕೈಯಲ್ಲಿ ಬಾಲ್ ವಾಲ್ವ್ (ಹಿಡಿ ಕಾಲು ಸುತ್ತು ತಿರುಗಿಸಿ ಮುಚ್ಚುವಂಥದ್ದು) ಇಟ್ಟುಕೊಂಡೇ ಮುಟ್ಟುತ್ತೇನೆ. ಹಿತ್ತಾಳೆ ವಾಲ್ವ್ ಅಲ್ಲಲ್ಲಿ ತಾಮ್ರದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಕರಗಿ ಹೋಗಿದೆ ಅಂತ ಅರ್ಥ. ನೋಡಲು ಗಟ್ಟಿ, ರೆಂಚ್ ಹಿಡಿದರೆ ಬಿಸ್ಕತ್ತು.

ಆ ಮನೆಯಲ್ಲಿ ಕೊನೆಗೆ ಗೋಡೆ ಒಡೆಯುವುದೇ ಬೇಡ ಎಂದು ತೀರ್ಮಾನಿಸಿದೆವು. ಒಳಗಿನ ಹಳೇ ಪೈಪನ್ನು ಟ್ಯಾಂಕಿನ ಬುಡದಲ್ಲೇ ಕತ್ತರಿಸಿ ಮುಚ್ಚಳ ಹಾಕಿ, ಗೋಡೆಯ ಮೇಲೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನ ಹೊಸ ಲೈನ್ ಎಳೆದೆ. "ಪೈಪು ಕಾಣುತ್ತೆ, ಚಂದ ಇರಲ್ಲ" ಅಂದರು ಮಗ. "ಕಾಣ್ಲಿ ಬಿಡು, ಸೋರಿದ್ರೂ ಕಾಣುತ್ತೆ" ಅಂದರು ಅಮ್ಮ.

ಲೋಹದಿಂದ ಪ್ಲಾಸ್ಟಿಕ್ಕಿಗೆ ಬರುವ ಜಾಗದಲ್ಲಿ ಹಿತ್ತಾಳೆ ಥ್ರೆಡ್ ಕೂರಿಸಿದ ಅಡಾಪ್ಟರ್ ಬಳಸುತ್ತೇನೆ. ಬರೀ ಪ್ಲಾಸ್ಟಿಕ್ ಥ್ರೆಡ್ಡನ್ನು ರೆಂಚಲ್ಲಿ ಬಿಗಿದರೆ ಅವತ್ತು ಸುಮ್ಮನಿದ್ದು ತಿಂಗಳ ಮೇಲೆ ಸೀಳುತ್ತದೆ. ಜಿಐ ಪೈಪಿಗೆ ತಾಮ್ರದ ಪೈಪನ್ನು ನೇರ ಜೋಡಿಸಿದ್ದೂ ನೋಡಿದ್ದೇನೆ. ಎರಡು ಬೇರೆ ಲೋಹ, ನಡುವೆ ನೀರು. ಸೋಲುವುದು ಯಾವಾಗಲೂ ಜಿಐ. ನೀರು ತಾಮ್ರದಿಂದ ಜಿಐ ಕಡೆಗೆ ಹರಿಯುತ್ತಿದ್ದರಂತೂ ಇನ್ನೂ ಬೇಗ.

ಸಿಪಿವಿಸಿ ಜಾಯಿಂಟಿಗೆ ಅಂಟು ಹಚ್ಚುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಪೈಪಿನ ತುದಿಯಲ್ಲಿ ಕಣ್ಣಿಗೆ ಕಾಣದ ತೇವ ಇರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಅಂಟು ಹಚ್ಚಿ, ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, 30 ಸೆಕೆಂಡ್ ಹಿಡಿದುಕೊಳ್ಳಬೇಕು. ಬಿಟ್ಟರೆ ಪೈಪು ತಾನಾಗಿ ಹಿಂದೆ ಸರಿಯುತ್ತದೆ. ನೀರು ಬಿಡುವುದು ಮರುದಿನ. ಆಮೇಲೆ ಕೈಪಂಪಿನಲ್ಲಿ ನೀರು ತುಂಬಿ, ದಿನಬಳಕೆಯ ಒತ್ತಡದ ಒಂದೂವರೆ ಪಟ್ಟು ಕೊಟ್ಟು ಗೇಜ್ ಕಾಯುತ್ತೇನೆ. ಗಾಳಿ ತುಂಬಿ ಪರೀಕ್ಷೆ ಮಾಡಬೇಡಿ. ಪ್ಲಾಸ್ಟಿಕ್ ಒಡೆದರೆ ಚೂರು ಕಣ್ಣಿಗೇ ಬರುತ್ತದೆ.

ಬಿಸಿಲಿಗೆ ಬೀಳುವ ಸಿಪಿವಿಸಿಗೆ ನೀರಿನಲ್ಲಿ ಕಲಸುವ ಬಣ್ಣ ಹಚ್ಚಿದೆ. ಎಣ್ಣೆ ಬಣ್ಣದ ದ್ರಾವಕ ಅದಕ್ಕೆ ಆಗಿಬರುವುದಿಲ್ಲ. ಕ್ಲಾಂಪ್ ಎಲ್ಲ ಪ್ಲಾಸ್ಟಿಕ್. ಸ್ಟೀಲೇ ಬೇಕಾದ ಕಡೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲಿ ಉಪ್ಪನ್ನು ತಾಳಿಕೊಳ್ಳಲು ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ. ಸಾಮಾನ್ಯ 304ಕ್ಕೆ ಕಡಲ ಗಾಳಿಯಲ್ಲಿ ಕಂದು ಕಲೆ ಹಿಡಿಯುತ್ತದೆ. ಗೀಸರಿಗೆ, ಬೇಸಿನ್ನಿಗೆ ಹಾಕುವ ಸ್ಟೀಲ್ ಹೆಣಿಗೆಯ ಬಗ್ಗುವ ಪೈಪಿನದೂ ಅದೇ ಪಾಡು. ಹೆಣಿಗೆಯ ಒಂದೆರಡು ಎಳೆ ತುಂಡಾದದ್ದು ಕಂಡರೆ ಅವತ್ತೇ ಬದಲಿಸಿ. ರಾತ್ರಿ ಹೊತ್ತು ಒಡೆದರೆ ಬೆಳಗ್ಗೆ ಮನೆಯೊಳಗೇ ಈಜಬಹುದು.

ಒಂದು ವಿಷಯ ನನಗೆ ಎಲೆಕ್ಟ್ರಿಷಿಯನ್ ಹೇಳಿಕೊಟ್ಟದ್ದು. ಹಳೇ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೇ ಕಟ್ಟಿರುವುದುಂಟು. ನಡುವೆ ಪ್ಲಾಸ್ಟಿಕ್ ಬಂದರೆ ಆ ಅರ್ಥಿಂಗ್ ಅಲ್ಲಿಗೇ ಕಡಿದುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಮನೆಯಲ್ಲೂ ಹಾಗೇ ಇತ್ತು. ಹೊಸ ಅರ್ಥಿಂಗ್ ಆಗುವವರೆಗೆ ನಾನು ಪೈಪು ಕತ್ತರಿಸಲಿಲ್ಲ.

ಚರಂಡಿ ಕಡೆ ಬೇರೆಯದೇ ಗೋಳು. ಹಳೇ ಸುಟ್ಟ ಮಣ್ಣಿನ ಪೈಪುಗಳು ಸಣ್ಣ ಸಣ್ಣ ತುಂಡು, ಪ್ರತಿ ತುಂಡಿಗೂ ಸಿಮೆಂಟ್ ಜಾಯಿಂಟ್. ಕೆಳಗಿನ ಮರಳು ಜರುಗಿದರೆ ನಡುವೆ ಹೊಟ್ಟೆ ಬೀಳುತ್ತದೆ, ಅಲ್ಲಿ ಕಸ ಕೂರುತ್ತದೆ. ಬಿರುಕು ಬಿಟ್ಟರೆ ಮರದ ಬೇರು ನುಗ್ಗುತ್ತದೆ. ಕಡಲ ಪಕ್ಕ ನೆಲದೊಳಗಿನ ನೀರು ಮೇಲೇ ಇರುವುದರಿಂದ ಅದೂ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಯಾರೂ ನೀರು ಬಳಸದ ನಡುರಾತ್ರಿ ಚರಂಡಿ ಚೇಂಬರಿನ (ಪೈಪು ಪರೀಕ್ಷಿಸುವ ಗುಂಡಿಯ) ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ತಿಳಿನೀರು ಹರಿಯುತ್ತಿತ್ತು. ಮನೆಯ ನೀರಲ್ಲ, ನೆಲದ ನೀರು. ಅಂಥದ್ದನ್ನು ಎಷ್ಟು ಸಲ ಕೋಲು ಹಾಕಿ ಚುಚ್ಚಿದರೂ ಅಷ್ಟೇ, ಅಗೆದೇ ಬದಲಿಸಬೇಕು. 100 ಮಿ.ಮೀ. ಪೈಪಿಗೆ ಮೀಟರಿಗೆ 25 ಮಿ.ಮೀ. ಇಳಿಜಾರು ಕೊಟ್ಟೆ. ಅಡಿಯಲ್ಲಿ ಮರಳು ಧಮ್ಮಸ್ಸು ಮಾಡಿಸಿದ್ದು ಪೈಪು ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬಳಸದ ಬಚ್ಚಲಿನಿಂದ ವಾಸನೆ ಬಂದರೆ ಮೊದಲು ಎರಡು ಚೊಂಬು ನೀರು ಹೊಯ್ಯಿರಿ. ಟ್ರ್ಯಾಪ್, ಅಂದರೆ ಬಚ್ಚಲಿನಡಿಯ ಪೈಪಿನ ಬಾಗಿದ ಭಾಗದಲ್ಲಿ 50 ಮಿ.ಮೀ.ನಷ್ಟು ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯಬೇಕು, ಅದು ಒಣಗಿರುತ್ತದೆ. ಇದಕ್ಕೆ ನನ್ನನ್ನು ಕರೆಯಬೇಕಾಗಿಲ್ಲ.

ಅಡುಗೆಮನೆಯಲ್ಲಿ ಈಗ ಬಕೆಟ್ 55 ಸೆಕೆಂಡಿಗೆ ತುಂಬುತ್ತದೆ. ಮಹಡಿಯ ಒಂದು ಬಚ್ಚಲು ಮಾತ್ರ ಇನ್ನೂ ಹಳೇ ಜಿಐ ಲೈನ್‌ನಲ್ಲೇ ಇದೆ, ಈ ವರ್ಷ ಆಗಲಿಲ್ಲ. ಅದಕ್ಕೆ ಬೇರೆ ಬಾಲ್ ವಾಲ್ವ್ ಹಾಕಿ ಹಿಡಿಗೆ ಕೆಂಪು ಬಣ್ಣ ಬಳಿದು, ಊರಿಗೆ ಹೋಗುವಾಗ ಮರೆಯದೆ ಮುಚ್ಚಿ ಹೋಗಿ ಎಂದು ಅಮ್ಮನಿಗೆ ತೋರಿಸಿಕೊಟ್ಟು ಬಂದಿದ್ದೇನೆ.