ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಇಂಗ್ಲೆಂಡಿನಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು?

ಮನೆಗೆ ಬಂದು ತಿಂಗಳುಗಳಾದರೂ ಸರ್ಜನ್ ಮುಖ ಕಾಣಲಿಲ್ಲ ಅಂತ ನಮ್ಮವರು ಗಾಬರಿ ಬೀಳುವುದುಂಟು. ಫೈಲು ಹಿಡಿದು ಡಾಕ್ಟರ ಎದುರು ಕೂತರೇನೇ ನಮಗೆ ಸಮಾಧಾನ, ಅಲ್ವಾ? ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಆಪರೇಷನ್ ನಂತರ ನಿಗಾ ಇಡುವ ಕೆಲಸದ ಬಹುಪಾಲು ಕಾಗದ, ಫೋನು ಮತ್ತು ಒಬ್ಬ ನರ್ಸ್ ಮೂಲಕವೇ ನಡೆಯುತ್ತದೆ.

ಆ ನರ್ಸ್ ಅಂದರೆ ಸಿಎನ್‌ಎಸ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ಅಂದರೆ ಈ ಕಾಯಿಲೆಯಲ್ಲೇ ಪರಿಣತಿ ಪಡೆದವರು. ಆಸ್ಪತ್ರೆ ಬಿಡುವ ಮೊದಲೇ ಅವರ ನೇರ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಹೊಸ ನೋವು ಕಂಡರೆ ಮುಂದಿನ ಟೆಸ್ಟ್‌ವರೆಗೆ ಕಾಯಬೇಡಿ, ಫೋನ್ ಮಾಡಿ. ತೊಂದರೆ ಕೊಟ್ಟಂತಾಗುತ್ತದೆ ಅನ್ನುವ ಸಂಕೋಚ ಬೇಡ. ನೀವಾಗಿ ಹೇಳುತ್ತೀರಿ ಅನ್ನುವ ನಂಬಿಕೆಯ ಮೇಲೆಯೇ ಈ ವ್ಯವಸ್ಥೆ ನಿಂತಿದೆ.

ಚಿಕಿತ್ಸೆ ಹೇಗಿರಬೇಕೆಂದು ಇಲ್ಲಿ ಸಲಹೆ ಕೊಡುವ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ಮೊದಲ 3 ವರ್ಷ ಸಿಇಎ (ಈ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ, ಜೊತೆಗೆ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ ಸ್ಕ್ಯಾನ್ ಇರಬೇಕು. ಕಾಯಿಲೆ ಮರಳುವುದಾದರೆ ಹೆಚ್ಚಾಗಿ ಈ ಅವಧಿಯಲ್ಲೇ, ಅದೂ ಲಿವರ್ ಇಲ್ಲವೇ ಶ್ವಾಸಕೋಶದಲ್ಲಿ. ಬೇಗ ಸಿಕ್ಕರೆ ಕೆಲವರಿಗೆ ಮತ್ತೆ ಆಪರೇಷನ್ ಮಾಡಿ ತೆಗೆಯಬಹುದು. ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಸಾಮಾನ್ಯವಾಗಿ ಒಂದು ವರ್ಷಕ್ಕೆ, ಎಲ್ಲ ಸರಿಯಿದ್ದರೆ ಅಲ್ಲಿಂದ 3 ವರ್ಷಕ್ಕೆ. ಎಷ್ಟು ತಿಂಗಳಿಗೊಮ್ಮೆ ರಕ್ತ, ಯಾವಾಗ ಸ್ಕ್ಯಾನ್ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ನಿಮ್ಮ ಪಟ್ಟಿಯನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಸಿಇಎ ಒಂದು ಸಲ ಸ್ವಲ್ಪ ಏರಿದ ಮಾತ್ರಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಸಿಗರೇಟು ಸೇದುವವರಲ್ಲಿ ಅದು ಹೇಗೂ ಜಾಸ್ತಿ ಇರಬಹುದು. ಸಲದಿಂದ ಸಲಕ್ಕೆ ಏರುತ್ತಲೇ ಹೋಗುತ್ತಿದೆಯಾ ಅನ್ನುವುದು ಮುಖ್ಯ. ಟೆಸ್ಟ್‌ಗೆ ರಕ್ತ ಕೊಡುವುದು ಜಿಪಿ (ನಿಮ್ಮ ಮಾಮೂಲಿ ಡಾಕ್ಟರು) ಹತ್ತಿರ, ರಿಪೋರ್ಟ್ ನೋಡುವುದು ಆಸ್ಪತ್ರೆ ಅಂತಾದರೆ ನಡುವೆ ಎಲ್ಲೋ ಕಳೆದುಹೋಗುವ ಸಾಧ್ಯತೆ ಇದೆ. ಸುದ್ದಿ ಬರಲಿಲ್ಲ ಅಂದರೆ ಎಲ್ಲ ಸರಿ ಅಂತ ಸುಮ್ನೆ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಮೊದಲೇ ಹೇಳಿ, ದುಭಾಷಿ ಉಚಿತ. ಮಗನೇ ಅನುವಾದ ಮಾಡಿದರೆ ಸಾಕು ಅನ್ನಬೇಡಿ, ಅವನ ಮುಂದೆ ಮಲದ ಮಾತು ಬಿಚ್ಚಿ ಹೇಳುವ ತಾಯಂದಿರು ಎಷ್ಟು ಮಂದಿ?

ಇನ್ನೊಂದು, ಎಷ್ಟೋ ಜನ ಕೇಳದೇ ಬಿಡುವ ವಿಷಯ. ಕ್ಯಾನ್ಸರ್‌ಗೆ ಅಥವಾ ಅದರ ಚಿಕಿತ್ಸೆಯ ಪರಿಣಾಮಗಳಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಔಷಧಿ ಚೀಟಿಯ ಶುಲ್ಕ ಮಾಫಿ. ಮಾಫಿಯ ಸರ್ಟಿಫಿಕೇಟ್‌ಗಾಗಿ ಜಿಪಿ ಹತ್ತಿರ ಎಫ್‌ಪಿ92ಎ ಫಾರಂ ಕೇಳಿ. ಆ ಸರ್ಟಿಫಿಕೇಟ್ 5 ವರ್ಷ ನಡೆಯುತ್ತದೆ.