ಮೈ ಕೆರೆತಕ್ಕೆ ಮದ್ದು ಹಚ್ಚುವ ಮೊದಲು

ಗಿಡ ತಾಗಿ ಮೈ ಕೆರೆಯುತ್ತಿದೆ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ಯಾವ ಗಿಡ ಅಂತ. ಎಲ್ಲದಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ಶಿವರಾತ್ರಿ ಹೊತ್ತಿಗೆ ನಸುಗುನ್ನಿ ಕಾಯಿ ಒಣಗಿರುತ್ತದೆ. ಕಂದು ಬಣ್ಣ, ಮಖಮಲ್ಲಿನಂಥ ಮೈ, ನೋಡಲು ಚಂದ. ಕಾಟವೆಲ್ಲ ಆ ಮಖಮಲ್ಲಿನದೇ. ಗಾಳಿ ಬೀಸಿದರೂ ಸಾಕು, ಸಣ್ಣ ರೋಮ ಉದುರಿ ಮೈಗೆ ಚುಚ್ಚಿಕೊಳ್ಳುತ್ತದೆ. ಒಂದು ವರ್ಷ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋದಾಗ ನನಗೇ ತಾಗಿತ್ತು. ಉರಿ ತಾಳದೆ ಸೆರಗಿನಿಂದ ಗಸಗಸ ಉಜ್ಜಿಕೊಂಡೆ. ಕುತ್ತಿಗೆಯಲ್ಲಿದ್ದ ಕೆರೆತ ಬೆನ್ನಿಗೂ ಹರಡಿತು. ಅತ್ತೆ ಓಡಿ ಬಂದು ಕೈ ಹಿಡಿದುಕೊಂಡರು. ಗೋಧಿ ಹಿಟ್ಟು ಕಲಸಿ ಉಂಡೆ ಮಾಡಿ, ಕೆರೆಯುವ ಜಾಗಕ್ಕೆ ಒತ್ತಿ ಒತ್ತಿ ತೆಗೆದರು. ಉಜ್ಜಲೇ ಇಲ್ಲ. ಹಿಟ್ಟಿಗೆ ಅಂಟಿಕೊಂಡ ರೋಮಗಳು ಬಿಸಿಲಿಗೆ ಹಿಡಿದರೆ ಹೊಂಬಣ್ಣದ ಧೂಳಿನ ಹಾಗೆ ಹೊಳೆಯುತ್ತಿದ್ದವು. ಆಮೇಲೆ ತಣ್ಣೀರು ಹೊಯ್ದು, ತೆಳು ಮಜ್ಜಿಗೆ ಬಟ್ಟೆ ಅದ್ದಿ ಇಟ್ಟರು. ಈಗ ನಾನು ಹಿಟ್ಟಿನ ಬದಲು ಅಂಟು ಟೇಪ್ ಬಳಸುತ್ತೇನೆ, ಇನ್ನೂ ಸಲೀಸು. ರೋಮ ತೆಗೆಯದೆ ಎಣ್ಣೆ ಹಚ್ಚಿದರೆ ಸುಮ್ನೆ ದಂಡ.

ಕೆಸು, ಸುವರ್ಣಗಡ್ಡೆಯ ಕೆರೆತ ಅಷ್ಟು ಹೆದರಿಸುವಂಥದ್ದಲ್ಲ. ಅದರ ರಸದಲ್ಲಿ ಕಣ್ಣಿಗೆ ಕಾಣದ ಸೂಜಿ ಹರಳುಗಳಿರುತ್ತವೆ. ಹೆಚ್ಚುವ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಆದರೂ ಕೆರೆದರೆ ಹುಣಸೆಹುಳಿ ಕಿವುಚಿದ ನೀರಿನಲ್ಲಿ ಕೈ ತೊಳೆಯಿರಿ.

ನಾನು ನಿಜವಾಗಿ ಹೆದರುವುದು ಗೇರಿನ ಜಾತಿಗೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ, ಕಾಡಿನ ಹೊಲಗೇರು ಮರ, ಎಲ್ಲ ಒಂದೇ ಕುಟುಂಬ. ಹೊಲಗೇರಿನ ರಸ ಗಾಳಿ ತಾಗುತ್ತಲೇ ಕಪ್ಪಾಗುತ್ತದೆ. ತಾಗಿದ ದಿನ ಏನೂ ಅನಿಸದೇ ಇರಬಹುದು. ಮಾರನೇ ದಿನವೋ ಅದರಾಚೆ ದಿನವೋ ಮೈ ಕೆಂಪಾಗಿ, ನೀರುಗುಳ್ಳೆ ಎದ್ದು, ಬಾವು ಬರುತ್ತದೆ. ಅದಕ್ಕೇ ತಾಗಿದ ಕೂಡಲೇ ಸೋಪು ಹಚ್ಚಿ, ಜಾಸ್ತಿ ನೀರು ಬಿಟ್ಟು ತೊಳೆಯಬೇಕು. ತೊಳೆಯುವ ಮೊದಲೇ ಎಣ್ಣೆ ಸವರಿದರೆ ಸೊನೆ ಇನ್ನಷ್ಟು ಹರಡುತ್ತದೆ. ಬೀಜ ಸುಲಿಯುವವರು ಎಣ್ಣೆ ಹಚ್ಚಿಕೊಳ್ಳುತ್ತಾರಲ್ವಾ, ಅದು ಕೆಲಸಕ್ಕೆ ಕೂರುವ ಮೊದಲು. ಗುಳ್ಳೆ ಎದ್ದ ಮೇಲೆ ಒದ್ದೆ ತಣ್ಣನೆ ಬಟ್ಟೆ ಇಡಿ, ಲೋಳೆಸರದ ತಿರುಳು ಸವರಿ. ತಾರೆ ಮರದ (ತ್ರಿಫಲಕ್ಕೆ ಹಾಕುವ ತಾರೆಕಾಯಿಯ ಮರ) ತೊಗಟೆ ತೇದು ಹಚ್ಚುವುದೂ ಹಳೆಯ ರೂಢಿ. ಕೇರಳದ ಕಡೆಯಂತೂ ತಾರೆ ಮರಕ್ಕೆ ಸುತ್ತು ಬಂದು, ಹೊಲಗೇರು ಮಾಡಿದ್ದನ್ನು ನೀನು ಕ್ಷಮಿಸು ಅಂತ ಬೇಡಿಕೊಳ್ಳುತ್ತಾರೆ. ಗುಳ್ಳೆ ಒಡೆಯಬೇಡಿ. ಸುಣ್ಣವನ್ನಂತೂ ಹಚ್ಚಲೇಬೇಡಿ, ಅದು ಚರ್ಮವನ್ನೇ ಸುಡುತ್ತದೆ. ಮುಖ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಓಡಿ.

ಬೆಟ್ಟದಿಂದ ಬಂದವರು ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ. ಕತ್ತಿಯ ಹಿಡಿಯನ್ನೂ ಸೋಪು ಹಾಕಿ ತೊಳೆದಿಡಿ. ಅಲ್ಲಿ ಒಣಗಿ ಕೂತ ಸೊನೆ ಇನ್ನೊಬ್ಬರ ಕೈಗೆ ತಾಗುತ್ತದೆ.